ಸಾಬರ ವೇಷ ಬೇಡ, ನಮ್ಮ ಮನೆಯ ಬಟ್ಟೆ ಸಾಕು



ಮಧ್ಯವಾರ್ಷಿಕ ಪರೀಕ್ಷೆ ಮುಗಿದ ಮೇಲೆ ನಮ್ಮ ಕಾಲೇಜಿನ ಕಿರುಚಿತ್ರದ ಚಿತ್ರೀಕರಣ ಶುರುವಾಗುತ್ತದೆ. ಕಥೆ ನಿಮ್ಮಲ್ಲಿ ಹೆಚ್ಚಿನವರಿಗೆ ಈಗಾಗಲೇ ಗೊತ್ತು. ಬೇಲೂರಿನ ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ಒಬ್ಬ ಅಜ್ಜ, ಪಿಯುಸಿ ಮುಗಿಸಿ ಹಾಸನಕ್ಕೆ ಹೋಗಿ ಓದಬೇಕೆನ್ನುವ ಮೊಮ್ಮಗಳು, ಅಂಗಡಿಯ ಪಕ್ಕದಲ್ಲೇ ಸೊಪ್ಪು ಮಾರುವ ಲಕ್ಷ್ಮಮ್ಮ. ಒಟ್ಟು ಹನ್ನೆರಡು ನಿಮಿಷದ ಚಿತ್ರ. ಪಾತ್ರಗಳಿಗೆ ಏನು ಉಡಿಸಬೇಕು, ಅವರ ಸುತ್ತ ಏನೇನು ಸಾಮಾನು ಇರಬೇಕು ಎಂದು ನೋಡಿಕೊಳ್ಳುವ ಕೆಲಸ ನಮ್ಮ ನಾಲ್ಕು ಜನರದ್ದು. ಪಟ್ಟಿ ಮಾಡಲು ಕೂತ ಮೊದಲ ದಿನವೇ ಒಂದು ವಾದ ಹುಟ್ಟಿತು. ಅದು ಇನ್ನೂ ಮುಗಿದಿಲ್ಲ. ಆ ವಾದದಲ್ಲಿ ನಾನು ಯಾವ ಕಡೆ, ಯಾಕೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಿರಿ.

ಪಟ್ಟಿಯಲ್ಲಿ ಅಜ್ಜನ ಹೆಸರಿನ ಮುಂದೆ ಬಿದ್ದದ್ದು ಇಷ್ಟು: ಬಿಳಿ ಜುಬ್ಬಾ, ಬಲೆ ಟೋಪಿ, ಹಸಿರು ಶಾಲು, ಉದ್ದ ಗಡ್ಡ, ಕಣ್ಣಿಗೆ ಸುರ್ಮಾ, ಕೊರಳಿಗೆ ತಾಯಿತ, ಕೈಗೆ ತಸ್ಬೀಹ್. ಮೊಮ್ಮಗಳ ಮುಂದೆ ಒಂದೇ ಪದ, ಬುರ್ಖಾ. ಲಕ್ಷ್ಮಮ್ಮನ ಮುಂದೆ "ದೊಡ್ಡ ಕುಂಕುಮ" ಎಂದಿತ್ತು. ಇವೆಲ್ಲ ನಾಟಕದ ಡ್ರೆಸ್ ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ಒಂದೇ ಗಂಟಿನಲ್ಲಿ ಸಿಗುತ್ತವೆ. ರಾಜನ ವೇಷ, ರಾಕ್ಷಸನ ವೇಷ, ಪೊಲೀಸ್ ವೇಷ ಇದ್ದ ಹಾಗೆ ಅಲ್ಲಿ 'ಸಾಬರ ವೇಷ' ಅಂತಲೂ ಒಂದಿರುತ್ತದೆ. ಅಂಗಡಿಯವರ ಮೇಲೆ ನನಗೆ ಸಿಟ್ಟಿಲ್ಲ, ಕೇಳುವವರಿದ್ದಾರೆ, ಇಟ್ಟಿದ್ದಾರೆ. ನನಗೆ ಅಚ್ಚರಿಯಾದದ್ದು ಪಟ್ಟಿ ಹೇಳಿದವರನ್ನು ನೋಡಿ. ಅವರಲ್ಲಿ ಮೂವರು ಮುಸ್ಲಿಮರೇ. ಒಬ್ಬನ ಸ್ವಂತ ಚಿಕ್ಕಪ್ಪ ಟೈಲರ್. ದಿನಾ ಆ ಚಿಕ್ಕಪ್ಪನನ್ನು ನೋಡುವವನಿಗೂ ಸಿನಿಮಾ ಅಂದ ಕೂಡಲೇ ನೆನಪಾದದ್ದು ಚಿಕ್ಕಪ್ಪ ಅಲ್ಲ, ಸಿನಿಮಾದಲ್ಲಿ ನೋಡಿದ ಸಾಬರು.

ನಮ್ಮ ಪೇಟೆಯ ಟೈಲರ್‌ಗಳು ಹೇಗಿರುತ್ತಾರೆಂದು ಒಮ್ಮೆ ನಿಂತು ನೋಡಿ. ಅರ್ಧ ತೋಳಿನ ಶರ್ಟು, ಮಾಸಿದ ಪ್ಯಾಂಟು ಅಥವಾ ಚೌಕಳಿ ಲುಂಗಿ. ಕೊರಳಲ್ಲಿ ತಾಯಿತ ಇರಬಹುದು, ಇಲ್ಲದಿರಬಹುದು, ಆದರೆ ಅಳತೆ ಟೇಪು ಇದ್ದೇ ಇರುತ್ತದೆ. ಕಾಲರಿಗೆ ಚುಚ್ಚಿಟ್ಟ ಸೂಜಿ, ಅದರಲ್ಲಿ ಒಂದು ಗೇಣು ದಾರ. ಬೆರಳ ತುದಿಯಲ್ಲಿ ಮಾರ್ಕಿಂಗ್ ಚಾಕಿನ ಪುಡಿ. ಓದಲು ಒಂದು, ದಾರ ಪೋಣಿಸಲು ಒಂದು ಎಂದು ಎರಡು ಕನ್ನಡಕ. ಟೋಪಿ ಎಲ್ಲಿ? ಶರ್ಟಿನ ಜೇಬಿನಲ್ಲಿ, ನಾಲ್ಕಾಗಿ ಮಡಚಿ, ಬಿಲ್ ಪುಸ್ತಕದ ಚೀಟಿಗಳ ಜೊತೆ. ಜೊಹರ್ ಅಜಾನ್ ಆದಾಗ ಅದು ಹೊರಗೆ ಬರುತ್ತದೆ, ನಮಾಜ್ ಮುಗಿಸಿ ಬಂದು ಮೆಷಿನ್ ಮುಂದೆ ಕೂತ ಮೇಲೆ ಮತ್ತೆ ಜೇಬಿಗೆ ಹೋಗುತ್ತದೆ. ಇಡೀ ದಿನ ಟೋಪಿ ಹಾಕಿಕೊಂಡೇ ಕೂರುವವರೂ ಇದ್ದಾರೆ, ಇಲ್ಲವೆನ್ನುತ್ತಿಲ್ಲ. ಆದರೆ ನಮ್ಮ ಕಥೆಯ ಅಜ್ಜ ಯಾವ ಥರದವರು ಎಂದು ಮೊದಲು ತೀರ್ಮಾನವಾಗಬೇಕು, ಟೋಪಿ ಆಮೇಲೆ. ಮಡಚಿದ ಟೋಪಿಯನ್ನು ಜೇಬಿನಿಂದ ತೆಗೆಯುವ ಮೂರು ಸೆಕೆಂಡಿನ ದೃಶ್ಯದಲ್ಲಿ ಆ ಮನುಷ್ಯನ ದಿನಚರಿ, ಶ್ರದ್ಧೆ, ಕೆಲಸ ಮೂರೂ ಕಾಣುತ್ತವೆ. ಬಾಡಿಗೆ ಗಂಟಿನಲ್ಲಿ ಬರುವ ಟೋಪಿಗೆ ಆ ಶಕ್ತಿ ಇಲ್ಲ.

ಇದಕ್ಕೆ ಬಂದ ಉತ್ತರ ಎಂದರೆ, "ಪ್ರೇಕ್ಷಕರಿಗೆ ಗೊತ್ತಾಗಬೇಕಲ್ಲ?" ಏನು ಗೊತ್ತಾಗಬೇಕು? ಅಜ್ಜ ಮುಸ್ಲಿಂ ಎನ್ನುವುದು ತಾನೇ? ಮೊಮ್ಮಗಳು ಅವರನ್ನು 'ದಾದಾ' ಎಂದು ಕರೆದಾಗಲೇ ಗೊತ್ತಾಗುತ್ತದೆ. ಲಕ್ಷ್ಮಮ್ಮ 'ಸಾಬ್ರೇ' ಎಂದಾಗ ಉಳಿದ ಅನುಮಾನವೂ ಹೋಗುತ್ತದೆ. ಚಿತ್ರ ನೋಡುವವರು ಬೇಲೂರು, ಅರಸೀಕೆರೆ, ಹಳೇಬೀಡಿನವರು. ಹುಟ್ಟಿದಾಗಿನಿಂದ ನಮ್ಮ ಜೊತೆ ಬದುಕಿರುವ ಅವರಿಗೆ ನಮ್ಮನ್ನು ಗುರುತು ಹಿಡಿಯಲು ಹಸಿರು ಶಾಲು ಬೇಕೆಂದುಕೊಂಡರೆ ಅವರನ್ನೂ ಕಡಿಮೆ ಮಾಡಿದಂತೆ. ಇನ್ನು ದೂರದವರು ನೋಡಿದರೆ? ಅವರಿಗೆ ಹಸಿರು ಶಾಲು ಮೊದಲೇ ಗೊತ್ತು. ಗೊತ್ತಿಲ್ಲದಿರುವುದು ಜೇಬಿನ ಟೋಪಿ.

ಈ ಮಾತಿಗೆ ಪುರಾವೆ ನಮ್ಮ ಜಿಲ್ಲೆಯಲ್ಲೇ ಇದೆ. ಹಾಸನದ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದಾಗ ನಾವೆಲ್ಲ ಸ್ಟೇಟಸ್ ಹಾಕಿಕೊಂಡೆವು. ದೀಪಾ ಭಾಸ್ತಿ ಇಂಗ್ಲಿಷಿಗೆ ಅನುವಾದಿಸಿದ ಆ 'ಹಾರ್ಟ್ ಲ್ಯಾಂಪ್' ಸಂಕಲನದಲ್ಲಿ 'ಕರಿ ನಾಗರಗಳು' ಎಂಬ ಕಥೆ ಇದೆ. ಬುಕರ್ ಬರುವುದಕ್ಕೆ ಇಪ್ಪತ್ತು ವರ್ಷ ಮೊದಲೇ, 2004ರಲ್ಲಿ, ಗಿರೀಶ ಕಾಸರವಳ್ಳಿ ಆ ಕಥೆಯನ್ನು ಆಧರಿಸಿ 'ಹಸೀನಾ' ಸಿನಿಮಾ ಮಾಡಿದ್ದರು. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಆಟೋ ಓಡಿಸುವ ಗಂಡ ಬಿಟ್ಟುಹೋದ ಒಬ್ಬ ತಾಯಿ, ನ್ಯಾಯ ಕೇಳಿಕೊಂಡು ಮುತವಲ್ಲಿಯ ಬಳಿ ಅಲೆದು, ಕೊನೆಗೆ ಮಸೀದಿಯ ಮುಂದೆಯೇ ಬಂದು ಕೂರುವ ಕಥೆ. ತಾರಾ ಅವರಿಗೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಬಂದದ್ದು ಹಲವರಿಗೆ ಗೊತ್ತು. ಅದೇ 52ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ದೇಶದ ಶ್ರೇಷ್ಠ ವಸ್ತ್ರವಿನ್ಯಾಸ ಪ್ರಶಸ್ತಿಯೂ 'ಹಸೀನಾ'ಗೇ ಬಂತು, ಇಶ್ರತ್ ನಿಸಾರ್ ಮತ್ತು ಎಂ.ಎನ್. ಸ್ವಾಮಿ ಅವರಿಗೆ. ಇದನ್ನು ಯಾರೂ ಹೆಚ್ಚು ಹೇಳುವುದಿಲ್ಲ.

ಈ ಪ್ರಶಸ್ತಿಯ ಬೆಲೆ ತಿಳಿಯಬೇಕಾದರೆ ಹಿಂದಿನ ಕೆಲವು ವರ್ಷ ಅದು ಯಾರ ಪಾಲಾಗಿತ್ತು ನೋಡಿ. 49ನೆಯದು 'ಲಗಾನ್'ಗೆ ಭಾನು ಅತೈಯಾ ಅವರಿಗೆ. 'ಗಾಂಧಿ' ಚಿತ್ರದ ಉಡುಪಿಗಾಗಿ 1983ರಲ್ಲಿ ಭಾರತಕ್ಕೆ ಮೊದಲ ಆಸ್ಕರ್ ತಂದವರು ಇವರೇ. 50ನೆಯದು 'ದೇವದಾಸ್'ಗೆ, ಆ ಭಾರೀ ಸೀರೆ, ಲೆಹಂಗಾ, ಒಡವೆಗಳಿಗೆ. ಅದಾದ ಎರಡೇ ವರ್ಷಕ್ಕೆ ಅದೇ ಪ್ರಶಸ್ತಿ ಒಬ್ಬ ಬಡ ತಾಯಿ, ಅವಳ ಹೆಣ್ಣುಮಕ್ಕಳು, ಒಬ್ಬ ಆಟೋ ಡ್ರೈವರ್ ಉಟ್ಟ ಬಟ್ಟೆಗೆ ಬಂತು. ಚಂದದ ಬಟ್ಟೆ ತರುವುದಷ್ಟೇ ವಸ್ತ್ರವಿನ್ಯಾಸ ಎಂದುಕೊಂಡವರು ಇದನ್ನು ಸ್ವಲ್ಪ ಯೋಚಿಸಬೇಕು.

ಅಂಥ ಪಾತ್ರಕ್ಕೆ ಬಟ್ಟೆ ಹೊಂದಿಸುವವರು ಕೇಳಿಕೊಳ್ಳಬೇಕಾದ ಪ್ರಶ್ನೆಗಳೇ ಬೇರೆ. ಈ ಹೆಂಗಸಿನ ಬಳಿ ಒಟ್ಟು ಎಷ್ಟು ಸೀರೆ ಇವೆ? ಹೊರಗೆ ಹೋಗಲು ಬೇರೆ ಒಂದು ಎತ್ತಿಟ್ಟಿದ್ದಾಳೆಯೇ? ದೊಡ್ಡ ಮಗಳ ಫ್ರಾಕು ಚಿಕ್ಕವಳಿಗೆ ಇಳಿದಿದೆಯೇ, ಇಳಿದಿದ್ದರೆ ಉದ್ದ ಎಷ್ಟು ಹೆಚ್ಚಾಗಿರಬೇಕು? ಮದುವೆಯಲ್ಲಿ ಬಂದದ್ದು ಏನಾದರೂ ಉಳಿದಿದೆಯೇ, ಮಾರಿಯಾಗಿದೆಯೇ? ಇದೇ ಕ್ರಮದಲ್ಲಿ ನಮ್ಮ ಮೊಮ್ಮಗಳ ಕಪಾಟನ್ನು ನಾವೂ ಲೆಕ್ಕ ಹಾಕಬಹುದು. ಯೂನಿಫಾರ್ಮ್ ಎರಡು ಜೊತೆ, ಮನೆಗೆ ಮೂರು ಚೂಡಿದಾರ, ಕಳೆದ ಈದ್‌ಗೆ ಹೊಲಿಸಿದ್ದು ಒಂದು, ಬುರ್ಖಾ ಒಂದು. ಹೊಲಿದವರು ಯಾರು? ಸ್ವತಃ ದಾದಾ. ಹಾಗಾಗಿ ಅವಳ ಬಟ್ಟೆ ಹಳೆಯದಾಗಿದ್ದರೂ ಅಳತೆ ಸರಿಯಾಗಿ ಕೂತಿರಬೇಕು, ಗುಂಡಿ ಒಂದೂ ಬಿದ್ದಿರಬಾರದು, ಅಂಚು ಒಮ್ಮೆ ಬಿಚ್ಚಿ ಉದ್ದ ಮಾಡಿದ ಗುರುತು ಕಾಣಬೇಕು. ಬಡ ಹುಡುಗಿ ಎಂದು ಹರಿದ ಬಟ್ಟೆ ಹಾಕಿದರೆ ಟೈಲರ್ ಮೊಮ್ಮಗಳು ಎನ್ನುವ ಕಥೆಯೇ ಸುಳ್ಳಾಗುತ್ತದೆ.

ಕೈಯಲ್ಲಿ ಹಿಡಿದ ಒಂದು ಸಾಮಾನಿನಿಂದ ಮನುಷ್ಯರನ್ನು ತೋರಿಸುವ ಕಲೆ ನಮ್ಮೂರಿಗೆ ಹೊಸದಲ್ಲ. ಸುಮಾರು 900 ವರ್ಷದ ಹಿಂದೆ ಚೆನ್ನಕೇಶವ ದೇವಾಲಯದಲ್ಲಿ ಕೆಲಸ ಮಾಡಿದ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಮೊದಲಾದ ಶಿಲ್ಪಿಗಳು ಮದನಿಕೆಯರನ್ನು ಕೆತ್ತುವಾಗ ಒಬ್ಬಳ ಕೈಗೆ ಕನ್ನಡಿ ಕೊಟ್ಟರು, ಒಬ್ಬಳ ಕೈ ಮೇಲೆ ಗಿಣಿ ಕೂರಿಸಿದರು, ಒಬ್ಬಳಿಗೆ ಬಿಲ್ಲು ಹಿಡಿಸಿದರು, ಇನ್ನೊಬ್ಬಳ ಸೀರೆಯನ್ನು ಕೋತಿಯಿಂದ ಎಳೆಸಿದರು. ಕೆಳಗೆ ನಿಂತು ನೋಡುವವರಿಗೆ ಯಾವ ಫಲಕವೂ ಬೇಡ, ಯಾರು ಏನು ಮಾಡುತ್ತಿದ್ದಾಳೆ ಎಂದು ಗೊತ್ತಾಗುತ್ತದೆ. ನಾವು ಇದರ ಎದುರೇ ಬೆಳೆದವರು. (ನಮ್ಮ ಚಿತ್ರದಲ್ಲೂ ದೇವಸ್ಥಾನದ ಒಳಗೆ ಒಂದು ಹಾಡು ಇರಲಿ ಎಂದವರಿಗೆ ಒಂದು ಮಾತು. ಅದು ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ, 2023ರ ಸೆಪ್ಟೆಂಬರ್‌ನಿಂದ ಯುನೆಸ್ಕೊ ಪಟ್ಟಿಯಲ್ಲೂ ಇದೆ. ಅನುಮತಿ ಇಲ್ಲದೆ ಚಿತ್ರೀಕರಣ ಆಗುವುದಿಲ್ಲ. ಅಜ್ಜನ ಕಥೆಗೆ ಆ ಹಾಡು ಬೇಕಾಗಿಯೂ ಇಲ್ಲ.)

ಬಾಡಿಗೆ ವೇಷ ಎಲ್ಲಿಯೂ ಬೇಡ ಎಂಬ ಹಟ ನನಗಿಲ್ಲ. 1964ರಲ್ಲಿ ಬಿ.ಎಸ್. ರಂಗಾ ಅವರು ನಮ್ಮೂರ ಶಿಲ್ಪದ ಐತಿಹ್ಯವನ್ನೇ ಇಟ್ಟುಕೊಂಡು 'ಅಮರಶಿಲ್ಪಿ ಜಕಣಾಚಾರಿ' ಮಾಡಿದರು. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ ಅದು. ಕಲ್ಯಾಣ್ ಕುಮಾರ್, ಬಿ. ಸರೋಜಾದೇವಿ ಅವರ ಮಿನುಗುವ ಉಡುಪು ಆ ಕಥೆಗೆ ಸರಿ. ಐತಿಹ್ಯದ ಮನುಷ್ಯನನ್ನು ಯಾರೂ ನೋಡಿಲ್ಲ. ಆದರೆ ಟೈಲರ್ ಅಜ್ಜನನ್ನು ಎಲ್ಲರೂ ನೋಡಿದ್ದಾರೆ, ಅವರಲ್ಲಿ ಅಳತೆ ಕೊಟ್ಟಿದ್ದಾರೆ, ಹಬ್ಬಕ್ಕೆ ಮುಂಚೆ ಬಟ್ಟೆ ಕೊಡಲಿಲ್ಲವೆಂದು ಜಗಳ ಆಡಿದ್ದಾರೆ.

ಇನ್ನು ಸಾಮಾನುಗಳ ವಿಷಯ. ಸಿನಿಮಾದವರು 'ಪ್ರಾಪರ್ಟಿ' ಎನ್ನುತ್ತಾರಲ್ಲ, ಅವು. ನಮ್ಮ ಪಟ್ಟಿಯಲ್ಲಿ ಈಗ ನಲವತ್ತೊಂದು ಸಾಮಾನು ಇವೆ. ಅಷ್ಟು ಬೇಡ ಎಂಬುದು ನನ್ನ ಅಭಿಪ್ರಾಯ. ಇರಾನಿನ ಮಜೀದ್ ಮಜೀದಿ 1997ರಲ್ಲಿ ಮಾಡಿದ 'ಚಿಲ್ಡ್ರನ್ ಆಫ್ ಹೆವನ್' ನೋಡಿದ್ದೀರಲ್ಲ? ಅಣ್ಣ ತಂಗಿಯ ಶೂ ಕಳೆದುಹಾಕುತ್ತಾನೆ, ಆಮೇಲೆ ಇಬ್ಬರೂ ಒಂದೇ ಜೊತೆ ಶೂವಿನಲ್ಲಿ ಸರದಿಯಂತೆ ಶಾಲೆಗೆ ಓಡುತ್ತಾರೆ. ಇಡೀ ಸಿನಿಮಾ ಒಂದು ಜೊತೆ ಶೂ ಮೇಲೆ ನಿಂತಿದೆ. ಕಾಸರವಳ್ಳಿಯವರ 'ಗುಲಾಬಿ ಟಾಕೀಸ್'ನಲ್ಲಿ ಉಮಾಶ್ರೀ ಮಾಡಿದ ಗುಲಾಬಿ, ಕುಂದಾಪುರ ಕಡೆಯ ಮೀನುಗಾರರ ನಡುವಿನ ಒಬ್ಬ ಮುಸ್ಲಿಂ ಸೂಲಗಿತ್ತಿ, ಸಿನಿಮಾ ಹುಚ್ಚಿನವಳು. ಅವಳ ಗುಡಿಸಲಿಗೆ ಡಿಶ್ ಆಂಟೆನಾ ಸಮೇತ ಒಂದು ಕಲರ್ ಟಿ.ವಿ. ಬರುತ್ತದೆ. ಅಕ್ಕಪಕ್ಕದ ಹೆಂಗಸರು ಬಂದು ಕೂರಲು ಶುರುಮಾಡುತ್ತಾರೆ, ಊರು ಬದಲಾಗುವುದು ಆ ಟಿ.ವಿ.ಯ ಸುತ್ತಲೇ ಕಾಣುತ್ತದೆ. ಗುಲಾಬಿ ಯಾವ ಜಾತಿ ಧರ್ಮದವಳು ಎಂದು ತೋರಿಸುವ ಸಾಮಾನಲ್ಲ ಅದು. ಅವಳಿಗೆ ಏನು ಇಷ್ಟ ಎಂದು ತೋರಿಸುವ ಸಾಮಾನು.

ನಮ್ಮ ಅಜ್ಜನಿಗೆ ಅಂಥದ್ದು ಯಾವುದು? ನನ್ನ ಆಯ್ಕೆ ಅಳತೆ ಪುಸ್ತಕ. ಗಿರಾಕಿಗಳ ಹೆಸರು, ಎದೆ, ಸೊಂಟ, ತೋಳು ಎಂದು ಬರೆದಿಟ್ಟ ಹಳೇ ನೋಟ್‌ಬುಕ್. ಅದರಲ್ಲಿ ಮೊಮ್ಮಗಳ ಹೆಸರು ಪ್ರತಿ ವರ್ಷ ಬರುತ್ತದೆ, ಪ್ರತಿ ವರ್ಷ ಅಳತೆ ಹೆಚ್ಚಾಗುತ್ತದೆ, ಒಂದನೇ ತರಗತಿಯ ಯೂನಿಫಾರ್ಮಿನಿಂದ ಪಿಯುಸಿ ತನಕ. ಅವಳು ಹಾಸನಕ್ಕೆ ಹೋಗುವುದನ್ನು ಒಪ್ಪದ ಅಜ್ಜ ಆ ಪುಟಗಳನ್ನು ತಿರುವುತ್ತಾರೆ. ಇದಕ್ಕೆ ಸಂಭಾಷಣೆ ಬೇಡ. ಹಳೇ ನೋಟ್‌ಬುಕ್, ನಾಲ್ಕು ಬಣ್ಣದ ಪೆನ್ನು, ಬೇರೆ ಬೇರೆ ದಿನ ಬರೆದಂತೆ ಕಾಣುವ ಅಕ್ಷರ, ಇಷ್ಟಕ್ಕೆ ಖರ್ಚು ಮೂವತ್ತು ರೂಪಾಯಿ. ಅದೇ ಹಣಕ್ಕೆ ಬಾಡಿಗೆ ಗಡ್ಡವೂ ಬರುವುದಿಲ್ಲ.

ಬುರ್ಖಾ ಬಗ್ಗೆ ಸ್ವಲ್ಪ ಹೆಚ್ಚು ಬರೆಯುತ್ತೇನೆ. ನಮ್ಮಲ್ಲಿ ವಾದ ಬಿಸಿಯಾದದ್ದು ಅಲ್ಲಿಯೇ.

ಮೊದಲನೆಯದಾಗಿ, ಪಟ್ಟಿಯಲ್ಲಿ 'ಬುರ್ಖಾ' ಎಂದು ಬರೆದರೆ 'ಬಟ್ಟೆ' ಎಂದು ಬರೆದಷ್ಟೇ ಅರ್ಥ. ನನ್ನ ದಾದಿಯದು ಮೂಗಿನ ಮೇಲೆ ಪರದೆ ಇಳಿಬಿಡುವ ಹಳೇ ಮಾದರಿ. ಹೆಗಲ ಮೇಲೆ ಬಿಸಿಲು ತಿಂದು ಕಪ್ಪು ಬಣ್ಣ ಕಂದಾಗಿದೆ. ನಮ್ಮ ಹಳ್ಳಿ ಕಡೆಯ ನೆಂಟರಲ್ಲಿ ವಯಸ್ಸಾದವರು ಸೀರೆಯ ಸೆರಗನ್ನೇ ತಲೆ ಮೇಲೆ ಹೊದ್ದು, ಹೊರಗೆ ಹೊರಟರೆ ಮೇಲೊಂದು ಚಾದರ್ ಹಾಕುತ್ತಾರೆ. ಅಮ್ಮಿಯದು ಮುಂದೆ ಗುಂಡಿ ಇರುವುದು, ಬಸ್ಸು ಹತ್ತಲು ಸುಲಭ ಎಂದು. ನಮ್ಮ ವಯಸ್ಸಿನವರದು ಕಲ್ಲು ಹಚ್ಚಿದ ಅಬಾಯಾ, ತಿಳಿಬಣ್ಣದ ಸ್ಕಾರ್ಫ್. ತಲೆಗೆ ಏನೂ ಹಾಕದವರೂ ನಮ್ಮಲ್ಲೇ ಇದ್ದಾರೆ. ಒಂದೇ ಮನೆಯಲ್ಲಿ ಇಷ್ಟು ಬಗೆ ಇರುವಾಗ ಚಿತ್ರದಲ್ಲಿ ಬರುವ ಐದು ಹೆಂಗಸರಿಗೆ ಒಂದೇ ಅಂಗಡಿಯ ಒಂದೇ ಅಳತೆಯ ಐದು ಕಪ್ಪು ಬುರ್ಖಾ ತಂದರೆ ಅವರು ಐದು ಜನ ಆಗುವುದಿಲ್ಲ, ಒಂದು ಗುಂಪಾಗುತ್ತಾರೆ. ಕ್ಯಾಮೆರಾ ಲೆಕ್ಕದಲ್ಲೂ ಇದು ತಪ್ಪು. ಮೊಬೈಲ್ ಕ್ಯಾಮೆರಾ ಬೆಳಕು ಕಡಿಮೆ ಇರುವ ಅಂಗಡಿಯೊಳಗೆ ಕಡುಗಪ್ಪನ್ನು ನುಂಗಿಬಿಡುತ್ತದೆ. ಬಟ್ಟೆಯ ನೆರಿಗೆ ಯಾವುದೂ ಕಾಣದೆ ಮುಖ ಮಾತ್ರ ತೇಲುತ್ತದೆ. ಬಿಸಿಲಿಗೆ ಮಾಸಿದ ನಿಜವಾದ ಬುರ್ಖಾ ಕ್ಯಾಮೆರಾದಲ್ಲೂ ಚೆನ್ನಾಗಿ ಕಾಣುತ್ತದೆ.

ಎರಡನೆಯದು, ಹುಡುಗನಿಗೆ ಬುರ್ಖಾ ಹಾಕಿಸಿ ನಗಿಸುವ ದೃಶ್ಯ. ಕಥೆಯ ಮೊದಲ ಕರಡಿನಲ್ಲಿ ಇರಲಿಲ್ಲ, ಆಮೇಲೆ ಸೇರಿತು. "ಎಲ್ಲ ಸಿನಿಮಾದಲ್ಲೂ ಇರುತ್ತೆ, ಜನ ನಗ್ತಾರೆ" ಎಂಬುದು ಕಾರಣ. ನಗುತ್ತಾರೆ, ನಿಜ. ಆದರೆ ಯಾರನ್ನು ನೋಡಿ ನಗುತ್ತಾರೆ? ಬುರ್ಖಾ ಎಂದರೆ ಒಳಗೆ ಯಾರು ಬೇಕಾದರೂ ಅಡಗಿರಬಹುದಾದ ಚೀಲ ಎಂಬುದೇ ಆ ನಗೆಯ ಮೂಲ. ಮಾರನೇ ದಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತ ನನ್ನ ಗೆಳತಿಯ ಕಡೆ ನೋಡಿ "ಒಳಗೆ ಯಾರೋ" ಎಂದು ಯಾರೋ ಒಬ್ಬ ಕೂಗಿದರೆ ಆ ಸಾಲನ್ನು ಅವನಿಗೆ ಬರೆದುಕೊಟ್ಟವರು ನಾವಾಗುತ್ತೇವೆ. ಆ ದೃಶ್ಯ ತೆಗೆಯಬೇಕು. ಇದರಲ್ಲಿ ನಾನು ರಾಜಿ ಆಗುವುದಿಲ್ಲ.

ಮೂರನೆಯದು ನಿಜವಾಗಿ ಕಷ್ಟದ್ದು. ಮೊಮ್ಮಗಳ ಪಾತ್ರ ಮಾಡುವ ಗೆಳತಿ ಹಿಜಾಬ್ ಹಾಕುವವಳು, ಕ್ಯಾಮೆರಾ ಮುಂದೆಯೂ ತೆಗೆಯುವುದಿಲ್ಲ. ಅವಳ ಇಷ್ಟ, ಅದರಲ್ಲಿ ಚರ್ಚೆ ಇಲ್ಲ. ಆದರೆ ಕಥೆಯಲ್ಲಿ ಅವಳು ಮನೆಯೊಳಗೆ ಸ್ವಂತ ದಾದಾನ ಜೊತೆ ಊಟ ಮಾಡುವ ದೃಶ್ಯ ಇದೆ. ಮನೆಯಲ್ಲಿ ದಾದಾನ ಮುಂದೆ ಪಿನ್ ಚುಚ್ಚಿ ಹಿಜಾಬ್ ಕಟ್ಟಿಕೊಂಡು ಅನ್ನ ಸಾರು ಉಣ್ಣುವ ಹುಡುಗಿ ನಮ್ಮ ಮನೆಗಳಲ್ಲಿ ಎಲ್ಲಿದ್ದಾಳೆ? ಪ್ರೇಕ್ಷಕರಲ್ಲಿ ಕೂತ ಎಲ್ಲ ಅಮ್ಮಂದಿರಿಗೂ ಇದು ಸುಳ್ಳೆಂದು ಗೊತ್ತಾಗುತ್ತದೆ. ಹಾಗಾದರೆ ಪಾತ್ರವನ್ನು ಬೇರೆಯವಳಿಗೆ ಕೊಡಬೇಕೇ? ಬೇಡ. ಇದೇ ತೊಡಕು ಇರಾನಿನ ಇಡೀ ಚಿತ್ರರಂಗಕ್ಕೆ ಇದೆ. 1979ರ ಕ್ರಾಂತಿಯ ನಂತರ ಅಲ್ಲಿ ತೆರೆಯ ಮೇಲೆ ಹೆಂಗಸರು ಮನೆಯೊಳಗಿನ ದೃಶ್ಯದಲ್ಲೂ ತಲೆ ಮುಚ್ಚಿರಬೇಕೆಂಬ ನಿಯಮ ಬಂತು. ಅಬ್ಬಾಸ್ ಕಿಯರೊಸ್ತಮಿಯಂಥ ನಿರ್ದೇಶಕರ ಎಷ್ಟೋ ಕಥೆಗಳು ರಸ್ತೆಯಲ್ಲಿ, ಹೊಲದಲ್ಲಿ, ಕಾರಿನಲ್ಲಿ ನಡೆಯುವುದಕ್ಕೆ ಇದೂ ಒಂದು ಕಾರಣ. ಸುಳ್ಳು ತೋರಿಸುವ ಬದಲು ಜಾಗವನ್ನೇ ಬದಲಾಯಿಸಿದರು. ಅಲ್ಲಿ ಅದು ಸರ್ಕಾರದ ಕಟ್ಟಳೆ, ಇಲ್ಲಿ ಇದು ಒಬ್ಬ ಹುಡುಗಿಯ ಸ್ವಂತ ತೀರ್ಮಾನ. ವ್ಯತ್ಯಾಸ ದೊಡ್ಡದು, ಆದರೆ ಉಪಾಯ ನಮಗೂ ಆಗುತ್ತದೆ. ಊಟದ ದೃಶ್ಯವನ್ನು ಅಂಗಡಿಗೆ ತನ್ನಿ. ಕಾಲೇಜು ಬಿಟ್ಟ ಮೇಲೆ ಅವಳು ದಾದಾನಿಗೆ ಬುತ್ತಿ ತರುತ್ತಾಳೆ, ಗಿರಾಕಿಗಳು ಬಂದು ಹೋಗುತ್ತಿರುತ್ತಾರೆ, ಅವಳು ಯೂನಿಫಾರ್ಮಿನಲ್ಲಿ ಹಿಜಾಬಿನಲ್ಲಿ ಇರುವುದು ಸಹಜ. ಡಬ್ಬಿಯ ಎರಡು ಅಂತಸ್ತಿನಲ್ಲಿ ಒಂದನ್ನು ದಾದಾ ಅವಳ ಕಡೆ ತಳ್ಳುತ್ತಾರೆ. ದೃಶ್ಯ ಮೊದಲಿಗಿಂತ ಚೆನ್ನಾಗಾಯಿತು.

ಬಟ್ಟೆ ವಿಷಯಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೇ ಎಂದು ಕೇಳುವವರಿಗೆ 2022 ನೆನಪಿಸುತ್ತೇನೆ. ಫೆಬ್ರುವರಿ 5ರ ಸರ್ಕಾರಿ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಬೇರೆ ಬೇರೆ ತೀರ್ಪು. ನಾವು ಆಗ ಹೈಸ್ಕೂಲಿಗೂ ಬಂದಿರಲಿಲ್ಲ, ಅಕ್ಕಂದಿರು ಪಿಯುಸಿಯಲ್ಲಿದ್ದರು. ಟಿ.ವಿ.ಯಲ್ಲಿ ದಿನವಿಡೀ ಕಾಲೇಜು ಗೇಟು, ಕಪ್ಪು ಬುರ್ಖಾ, ಕೇಸರಿ ಶಾಲು. ಎರಡೂ ಕಡೆ ಇದ್ದದ್ದು ನಮ್ಮ ವಯಸ್ಸಿನ ಮಕ್ಕಳೇ, ಆದರೆ ಕ್ಯಾಮೆರಾಗೆ ಕಂಡದ್ದು ಬಟ್ಟೆ. ಯಾರ ಬ್ಯಾಗಿನಲ್ಲಿ ಯಾವ ಪುಸ್ತಕ ಇತ್ತು, ಯಾರು ಯಾವ ಬಸ್ಸಿಗೆ ಓಡಬೇಕಿತ್ತು ಎಂದು ಯಾವ ಕ್ಯಾಮೆರಾವೂ ಹತ್ತಿರ ಹೋಗಿ ನೋಡಲಿಲ್ಲ. ಈಗ ಕ್ಯಾಮೆರಾ ನಮ್ಮ ಕೈಯಲ್ಲಿದೆ. ನಾವೂ ಗೇಟಿನ ಆಚೆ ನಿಂತೇ ಚಿತ್ರ ತೆಗೆಯಬೇಕೇ?

ಇದೇ ಮಾತು ಲಕ್ಷ್ಮಮ್ಮನಿಗೂ ಸಲ್ಲುತ್ತದೆ. ನಮ್ಮನ್ನು ಟೋಪಿ ಬುರ್ಖಾದಲ್ಲಿ ಮುಗಿಸಬೇಡಿ ಎನ್ನುವ ನಾವು ಅವರನ್ನು ಕಾಸಗಲ ಕುಂಕುಮದಲ್ಲಿ ಮುಗಿಸುವಂತಿಲ್ಲ. ಸಂತೆಗೆ ಸೊಪ್ಪು ತರುವವರ ಹಣೆಯ ಮೇಲೆ ಬೆಳಿಗ್ಗೆ ಇಟ್ಟ ಕುಂಕುಮ ಮಧ್ಯಾಹ್ನದ ಹೊತ್ತಿಗೆ ಬೆವರಿಗೆ ಅರ್ಧ ಅಳಿಸಿರುತ್ತದೆ. ತಲೆಹೊರೆ ಇಳಿಸಿದ ಮೇಲೆ ಸಿಂಬಿಯನ್ನು ಬಿಚ್ಚಿ ಅದೇ ಬಟ್ಟೆಯಲ್ಲಿ ಮುಖ ಒರೆಸಿಕೊಳ್ಳುತ್ತಾರೆ. ಸೊಂಟದಲ್ಲಿ ಎಲೆ ಅಡಿಕೆ ಸಂಚಿ, ಅದರಲ್ಲೇ ಚಿಲ್ಲರೆ. ಕಾಫಿ ತೋಟದ ಕೆಲಸಕ್ಕೂ ಹೋಗುವವರಾದರೆ ಸೀರೆಯ ಮೇಲೆ ಗಂಡಸರ ಹಳೇ ಶರ್ಟು. ಈಗ ಇದಕ್ಕೆಲ್ಲ ಒಂದು ಕ್ಯೂಆರ್ ಕೋಡ್ ಫಲಕವೂ ಸೇರಿದೆ, ಸೊಪ್ಪಿನ ಬುಟ್ಟಿಗೆ ಆನಿಸಿ ನಿಲ್ಲಿಸಿರುತ್ತಾರೆ. ನಮ್ಮ ತಂಡದಲ್ಲಿ ಈ ಪಾತ್ರದ ಬಟ್ಟೆ ಆರಿಸುವ ಕೆಲಸವನ್ನು ಅಂಥ ಮನೆಯಿಂದ ಬರುವ ಗೆಳತಿಗೇ ಬಿಟ್ಟಿದ್ದೇವೆ, ಅದು ಸರಿಯಾಯಿತು. ತಾಳಿ ಮಾತ್ರ ಯಾರ ಮನೆಯಿಂದಲೂ ಕೇಳುವುದು ಬೇಡ. ಬಳೆ ಅಂಗಡಿಯಲ್ಲಿ ಸಿಗುವ ಕರಿಮಣಿ ಸಾಕು.

ಅದೇ ರೀತಿ ಕುರ್‌ಆನ್ ಶರೀಫ್ 'ಪ್ರಾಪರ್ಟಿ' ಪಟ್ಟಿಯಲ್ಲಿ ಇರಬಾರದು. ಇಪ್ಪತ್ತು ಟೇಕ್ ಆಗುವ ಜಾಗ, ಒಬ್ಬರು ಇಡುತ್ತಾರೆ, ಒಬ್ಬರು ಜರುಗಿಸುತ್ತಾರೆ, ನೆಲದ ಮೇಲೆ ವೈರು, ಚಪ್ಪಲಿ. ಅಂಗಡಿಯ ಎತ್ತರದ ಕಪಾಟಿನಲ್ಲಿ ಹಸಿರು ವಸ್ತ್ರ ಸುತ್ತಿದ ಒಂದು ಗಂಟು ಕಂಡರೆ ಅದೇನೆಂದು ಎಲ್ಲರಿಗೂ ತಿಳಿಯುತ್ತದೆ, ಒಳಗೆ ನಿಘಂಟು ಇದ್ದರೂ ನಡೆಯುತ್ತದೆ. ನಮಾಜ್ ದೃಶ್ಯ ಬೇಕೇಬೇಕೆಂದರೆ ನಟಿಸುವುದು ಬೇಡ, ಅಜ್ಜ ಎದ್ದು ಹೋಗುವುದು, ಮೆಷಿನ್ ಮೇಲೆ ಕನ್ನಡಕ ಉಳಿಯುವುದು, ಅವರು ಮರಳಿ ಬರುವುದು ಸಾಕು.

ಉಳಿದದ್ದು ಕೈಕೆಲಸ, ಬೇಗ ಹೇಳಿ ಮುಗಿಸುತ್ತೇನೆ. ಹೊಸ ಬಿಳಿ ಬಟ್ಟೆ ಬಿಸಿಲಲ್ಲಿ ಕಣ್ಣು ಕುಕ್ಕುತ್ತದೆ, ಚಹಾ ಡಿಕಾಕ್ಷನ್‌ನಲ್ಲಿ ಅದ್ದಿ ಒಣಗಿಸಿದರೆ ಹದಕ್ಕೆ ಬರುತ್ತದೆ. ಹೊಸ ಶರ್ಟನ್ನು ಹಳೆಯದು ಮಾಡಬೇಕಾದರೆ ನಾಲ್ಕು ಸಲ ಒಗೆದು ಕಾಲರು, ಮೊಣಕೈ ಭಾಗಕ್ಕೆ ಮರಳುಕಾಗದ ಉಜ್ಜಿ. ತೀರಾ ಸಣ್ಣ ಗೆರೆಯ ಬಟ್ಟೆ ವಿಡಿಯೊದಲ್ಲಿ ಅಲೆಯಾಡಿದಂತೆ ಕಾಣುತ್ತದೆ, ಬೇಡ. ಕಾಲರ್ ಮೈಕ್ ಹತ್ತಿರ ಗಾಜಿನ ಬಳೆ, ಸರಬರ ಎನ್ನುವ ಬಟ್ಟೆ ಬೇಡ. ಮೂರು ಭಾನುವಾರ ಚಿತ್ರೀಕರಣ ಇರುವುದರಿಂದ ಪ್ರತಿ ದೃಶ್ಯ ಮುಗಿದ ಕೂಡಲೇ ಪಾತ್ರಧಾರಿಯ ಮುಂದಿನಿಂದ, ಹಿಂದಿನಿಂದ ಒಂದೊಂದು ಫೋಟೊ ತೆಗೆದಿಡಬೇಕು. ಇಲ್ಲದಿದ್ದರೆ ಹಿಜಾಬಿನ ಪಿನ್ ಬಾಗಿಲ ಆಚೆ ಎಡಕ್ಕೆ, ಈಚೆ ಬಲಕ್ಕೆ ಬರುತ್ತದೆ. ಇಪ್ಪತ್ತು ವರ್ಷ ಹಿಂದಿನ ನೆನಪಿನ ದೃಶ್ಯದಲ್ಲಿ ಹೊಸ ಹೈ ಸೆಕ್ಯುರಿಟಿ ನಂಬರ್ ಪ್ಲೇಟಿನ ಬೈಕು ನಿಂತಿರಬಾರದು. ನಕಲಿ ನೋಟು ಪ್ರಿಂಟ್ ತೆಗೆಯುವ ಯೋಚನೆ ಬಿಡಿ, ನೋಟನ್ನು ಹೋಲುವ ಕಾಗದ ಮಾಡುವುದೇ ಅಪರಾಧ. ನಿಜವಾದ ಹತ್ತರ ನೋಟುಗಳನ್ನೇ ಬಳಸಿ ಎಣಿಸಿ ಹಿಂದಿರುಗಿಸಿದರಾಯಿತು. ಒಂದು ದೃಶ್ಯದಲ್ಲಿ ಪೊಲೀಸ್ ಬರುತ್ತಾನೆ. ಆ ವೇಷವನ್ನು ಬಾಡಿಗೆಗೇ ತರಬೇಕು, ಆದರೆ ಅದನ್ನು ತೊಟ್ಟು ಬೀದಿಗಿಳಿಯುವ ಮುಂಚೆ ಪ್ರಾಂಶುಪಾಲರ ಪತ್ರ ಠಾಣೆಗೆ ಹೋಗಿರಬೇಕು.

ನಮಗೆ ಇನ್ನೂ ಸಿಗದಿರುವ ಸಾಮಾನುಗಳು ಇವು: ಕಾಲಲ್ಲಿ ತುಳಿಯುವ ಹಳೇ ಹೊಲಿಗೆ ಮೆಷಿನ್ (ನಡೆಯದಿದ್ದರೂ ಆಗುತ್ತದೆ, ಚಕ್ರ ತಿರುಗಬೇಕು), ಇದ್ದಿಲು ಹಾಕುವ ಇಸ್ತ್ರಿ ಪೆಟ್ಟಿಗೆ, ಮರದ ಗಜಕೋಲು, ಎರಡು ಅಂತಸ್ತಿನ ಸ್ಟೀಲ್ ಬುತ್ತಿ ಡಬ್ಬಿ, ವಯಸ್ಸಾದವರು ಹಾಕಿ ಬಿಟ್ಟ ದಪ್ಪ ಫ್ರೇಮಿನ ಕನ್ನಡಕ, ಮೂಗಿನ ಪರದೆ ಇರುವ ಹಳೇ ಬುರ್ಖಾ ಒಂದು. ಯಾರ ಮನೆಯ ಅಟ್ಟದಲ್ಲಿ ಇವು ಇದ್ದರೂ ತಿಳಿಸಿ. ತರುವ ಮುಂಚೆ ಮನೆಯಲ್ಲಿ ಅಮ್ಮಿಗೋ ಅಜ್ಜಿಗೋ ಹೇಳಿ ಕೇಳಿಕೊಂಡೇ ತನ್ನಿ, ಯಾವ ದೃಶ್ಯಕ್ಕೆ ಎಂದೂ ಹೇಳಿ. ಪ್ರತಿ ಸಾಮಾನಿಗೂ ಹೆಸರು, ತರಗತಿ ಬರೆದ ಚೀಟಿ ಕಟ್ಟಿ ಸ್ಟಾಫ್ ರೂಮಿನಲ್ಲಿ ಕನ್ನಡ ಮೇಡಂ ಬಳಿ ಕೊಟ್ಟರೆ ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತೇವೆ. ಚಿತ್ರೀಕರಣ ಮುಗಿದ ಮಾರನೇ ಸೋಮವಾರ ಬಟ್ಟೆಗಳನ್ನು ಒಗೆದು, ಇಸ್ತ್ರಿ ಮಾಡಿ, ಉಳಿದವನ್ನು ಒರೆಸಿ ಹಿಂದಿರುಗಿಸುತ್ತೇವೆ.